ಒಟಿಪಿ ಎಂಬ ಎರಡನೇ ಬೀಗ: ಕಾಯುವುದೆಷ್ಟು, ಕಾಯದಿರುವುದೆಷ್ಟು?

ಶೇಂಗಾ ಮಾರಿದ ದುಡ್ಡು ಈಗ ಸೊಂಟದ ಚೀಲಕ್ಕೆ ಬರುವುದಿಲ್ಲ, ಖಾತೆಗೆ ಬರುತ್ತದೆ. ಬೆಳೆವಿಮೆ, ಬರ ಪರಿಹಾರ, ಕಿಸಾನ್ ಸಮ್ಮಾನ್ ಕಂತು, ಡೇರಿಯ ಬಟವಾಡೆ ಎಲ್ಲವೂ ಖಾತೆಗೇ. ಆ ಖಾತೆಯ ಬಾಗಿಲು ಬ್ಯಾಂಕಿನಲ್ಲಷ್ಟೇ ಅಲ್ಲ, ನಮ್ಮ ಜೇಬಿನ ಮೊಬೈಲಿನಲ್ಲೂ ಇದೆ. ಹೊಲಕ್ಕೆ ಮುಳ್ಳುಬೇಲಿ ಹಾಕಿ ದನ ನುಗ್ಗದಂತೆ ನೋಡಿಕೊಳ್ಳುವ ನಾವು ಈ ಬಾಗಿಲ ಬಗ್ಗೆ ಅಷ್ಟು ಯೋಚನೆ ಮಾಡಿಲ್ಲ. 'ಒಟಿಪಿ ಬರ್ತದಲ್ಲ, ಅದು ಇಲ್ದೆ ದುಡ್ಡು ಹೋಗಲ್ಲ' ಎಂಬ ಧೈರ್ಯ ಎಲ್ಲರದು.

ನಾನು ಓದಿದ್ದು ಏಳನೇ ಕ್ಲಾಸು. ಕೆಲಸ ಚಳ್ಳಕೆರೆ ಸೀಮೆಯಲ್ಲಿ ಮಳೆ ನಂಬಿದ ಬೇಸಾಯ. ಮೊಬೈಲಿನ ಪಂಡಿತನಲ್ಲ. ಆದರೆ ಕಳೆದ ಎರಡು ವರ್ಷದಲ್ಲಿ ನಮ್ಮೂರಲ್ಲೂ ಪಕ್ಕದೂರಲ್ಲೂ ಮೂವರು ಹಣ ಕಳೆದುಕೊಂಡರು. ಅವರ ಜೊತೆ ಬ್ಯಾಂಕು, ಪೊಲೀಸ್ ಠಾಣೆ ಅಂತ ತಿರುಗಿದೆ. ಹಾಗೆ ತಿರುಗುತ್ತ, ತಿಳಿದವರನ್ನು ಕೇಳುತ್ತ ಅರ್ಥ ಮಾಡಿಕೊಂಡದ್ದನ್ನು ನನ್ನಂಥ ರೈತರಿಗೆ ಅನುಕೂಲವಾಗಲಿ ಎಂದು ಇಲ್ಲಿ ಬರೆದಿದ್ದೇನೆ.

ಎರಡು ಬೀಗ ಎಂದರೇನು?

ಬ್ಯಾಂಕಿನಲ್ಲಿ ಒಡವೆ ಇಡುವ ಲಾಕರ್ ನೋಡಿರಬಹುದು. ಅದಕ್ಕೆ ಎರಡು ಕೀಲಿ. ಒಂದು ನಮ್ಮ ಹತ್ತಿರ, ಒಂದು ಬ್ಯಾಂಕಿನವರ ಹತ್ತಿರ. ಎರಡೂ ಕೂಡಿದರೇ ಬಾಗಿಲು ತೆರೆಯುವುದು. ಒಂದು ಕೀಲಿ ಕದ್ದವನಿಗೆ ಏನೂ ಸಿಗುವುದಿಲ್ಲ.

ಮೊಬೈಲಿನ ವ್ಯವಹಾರದಲ್ಲೂ ಇದೇ ಲೆಕ್ಕ. ಒಂದು ಕೀಲಿ ನಮ್ಮ ತಲೆಯಲ್ಲಿರುವುದು, ಅಂದರೆ ಪಾಸ್‌ವರ್ಡ್ ಅಥವಾ ಪಿನ್. ಇನ್ನೊಂದು ಕೈಯಲ್ಲಿರುವುದು, ಅಂದರೆ ಕಾರ್ಡು, ಫೋನು, ಅದರೊಳಗಿನ ಸಿಮ್. ಮೂರನೇ ಜಾತಿಯದು ಮೈಯಲ್ಲಿರುವುದು, ಅಂದರೆ ಹೆಬ್ಬೆಟ್ಟು, ಮುಖ. ಇವುಗಳಲ್ಲಿ ಬೇರೆ ಬೇರೆ ಜಾತಿಯ ಎರಡನ್ನು ಕೇಳಿದರೆ ಅದೇ ಎರಡು ಬೀಗದ ಪದ್ಧತಿ.

ಎಟಿಎಂ ಇದಕ್ಕೆ ಹಳೆಯ ಉದಾಹರಣೆ. ಕಾರ್ಡು ಕೈಯಲ್ಲಿರಬೇಕು, ಪಿನ್ ನೆನಪಿರಬೇಕು. ನೆಟ್ಟಿನಲ್ಲಿ ಕಾರ್ಡ್ ಬಳಸಿ ಸಾಮಾನು ತರಿಸುವುದಕ್ಕೂ ಎರಡನೇ ಬೀಗ ಇರಲೇಬೇಕೆಂದು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಕಡ್ಡಾಯ ಮಾಡಿತು. 2016ರಲ್ಲಿ ಯುಪಿಐ ಬಂತು. ಅದರಲ್ಲಿ ನಮ್ಮ ಸಿಮ್ ಇರುವ ಫೋನು ಒಂದು ಬೀಗ, ನಾಲ್ಕು ಅಥವಾ ಆರು ಅಂಕಿಯ ಪಿನ್ ಇನ್ನೊಂದು ಬೀಗ.

ಈ ಪದ್ಧತಿಯಿಂದ ಅನುಕೂಲ ಬಹಳ ಆಗಿದೆ. ಎಲ್ಲೋ ಕೂತವನು ನಮ್ಮ ಪಾಸ್‌ವರ್ಡನ್ನು ಊಹಿಸಿದರೂ ಕದ್ದರೂ ಒಟಿಪಿ ಇಲ್ಲದೆ ಒಳಗೆ ಬರಲಾರ. ಆದ್ದರಿಂದ ಎರಡನೇ ಬೀಗ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ಯಾವ ಕಡೆಯಿಂದ ಕಾಯುವುದಿಲ್ಲ ಎಂಬುದೂ ಗೊತ್ತಿರಬೇಕು, ಅಷ್ಟೇ. ಬೇಲಿಯಲ್ಲಿ ಕಂಡಿ ಎಲ್ಲಿದೆ ಅಂತ ಯಜಮಾನನಿಗಿಂತ ಮೊದಲು ಕಳ್ಳ ದನಕ್ಕೆ ಗೊತ್ತಿರುತ್ತದೆ.

ಮೊದಲ ಕಂಡಿ: ನಮ್ಮ ಬಾಯಿ

ಕಳ್ಳ ಬೀಗ ಒಡೆಯುವುದಿಲ್ಲ, ನಮ್ಮ ಕೈಯಿಂದಲೇ ತೆಗೆಸುತ್ತಾನೆ. 'ಬ್ಯಾಂಕಿನಿಂದ ಮಾತಾಡೋದು, ನಿಮ್ಮ ಕೆವೈಸಿ ಮುಗಿದೈತೆ, ಸಂಜೆಗೆ ಖಾತೆ ಬಂದ್ ಆಗುತ್ತೆ' ಎಂದು ಫೋನ್ ಬರುತ್ತದೆ. ನಮ್ಮ ಹೆಸರು, ಊರು ಎಲ್ಲ ಸರಿಯಾಗಿ ಹೇಳುತ್ತಾನೆ. ಅದೇ ಹೊತ್ತಿಗೆ ಅವನು ತನ್ನ ಕಂಪ್ಯೂಟರಿನಲ್ಲಿ ನಮ್ಮ ಖಾತೆಯ ಮೊದಲ ಬೀಗ ತೆಗೆದು ಕೂತಿರುತ್ತಾನೆ. ಎರಡನೇ ಬೀಗದ ಒಟಿಪಿ ನಮ್ಮ ಫೋನಿಗೆ ಬರುತ್ತದೆ. 'ಈಗೊಂದು ನಂಬರ್ ಬಂತಲ್ಲ, ಹೇಳಿ' ಎನ್ನುತ್ತಾನೆ. ಹೇಳಿದರೆ ಮುಗಿಯಿತು.

'ಒಟಿಪಿ ಯಾರಿಗೂ ಹೇಳಬೇಡಿ' ಎಂದು ಬ್ಯಾಂಕಿನವರು ಸಾರುತ್ತಲೇ ಇದ್ದಾರೆ. ಆದರೆ ಹಳ್ಳಿಯಲ್ಲಿ ಈ ಮಾತು ಪೂರಾ ನಡೆಯುವುದಿಲ್ಲ. ಗ್ರಾಮ ಒನ್‌ಗೆ ಹೋದರೆ ಅಲ್ಲಿಯ ಹುಡುಗ ಒಟಿಪಿ ಕೇಳುತ್ತಾನೆ. ಆಧಾರ್ ಕೆಲಸಕ್ಕೆ ಕೇಳುತ್ತಾರೆ. ಗ್ಯಾಸ್ ಸಿಲಿಂಡರ್ ತಂದವರೂ ಮೊಬೈಲಿಗೆ ಬಂದ ನಂಬರ್ ಕೇಳುತ್ತಾರೆ. ತಿಂಗಳಿಗೆ ನಾಲ್ಕು ಸಲ ಹೇಳಿ ಹೇಳಿ ನಮ್ಮ ನಾಲಿಗೆಗೆ ಅದು ರೂಢಿಯಾಗಿಬಿಟ್ಟಿದೆ. ಐದನೇ ಸಲ ಕಳ್ಳ ಕೇಳಿದಾಗಲೂ ಹೇಳಿಬಿಡುತ್ತೇವೆ.

ಹಾಗಾಗಿ ನಾನು ಮನೆಯವರಿಗೆ ಮೂರು ಪ್ರಶ್ನೆ ಹೇಳಿಕೊಟ್ಟಿದ್ದೇನೆ.

1. ಈ ಒಟಿಪಿ ತರಿಸಿದ್ದು ಯಾರು? ನಾವು ಒಂದು ಕೆಲಸ ಶುರು ಮಾಡಿದ್ದಕ್ಕೆ ಬಂತೋ, ಸುಮ್ಮನೆ ಕೂತಾಗ ತಾನಾಗಿ ಬಂತೋ? ತಾನಾಗಿ ಬಂದ ಒಟಿಪಿ ಎಂದರೆ ಯಾರೋ ನಮ್ಮ ಬಾಗಿಲು ಅಲುಗಾಡಿಸುತ್ತಿದ್ದಾರೆ ಎಂದೇ ಅರ್ಥ.

2. ಮೆಸೇಜಿನಲ್ಲಿ ಏನು ಬರೆದಿದೆ? ಒಟಿಪಿಯ ಜೊತೆ ಅದು ಯಾತಕ್ಕೆ ಎಂಬುದೂ ಸಾಮಾನ್ಯವಾಗಿ ಇರುತ್ತದೆ. ಇಂಗ್ಲಿಷ್ ಬಾರದಿದ್ದರೆ ಮಕ್ಕಳಿಂದ ಓದಿಸಬೇಕು. ರೂಪಾಯಿ ಲೆಕ್ಕ ಅದರಲ್ಲಿದ್ದರೆ ಅದು ಹಣ ಹೋಗುವ ಒಟಿಪಿ. ಆಧಾರ್ ಕೆಲಸಕ್ಕೆ ಅಂತ ಕೇಳಿ ಬ್ಯಾಂಕಿನ ಒಟಿಪಿ ಬಂದಿದ್ದರೆ ಅಲ್ಲೇ ನಿಲ್ಲಿಸಬೇಕು.

3. ಕೇಳುವವರು ಎದುರಿಗೆ ಇದ್ದಾರೋ, ಫೋನಿನಲ್ಲೋ? ಫೋನಿನಲ್ಲಿ ಕೇಳಿದವರಿಗೆ ಯಾವ ಒಟಿಪಿಯನ್ನೂ ಹೇಳುವುದಿಲ್ಲ. ಸ್ವಂತ ಅಳಿಯನ ದನಿಯಲ್ಲಿ ಕೇಳಿದರೂ ಇಟ್ಟು, ನಮ್ಮಲ್ಲಿರುವ ನಂಬರಿಗೆ ನಾವೇ ತಿರುಗಿ ಫೋನ್ ಮಾಡಬೇಕು.

ಇನ್ನು ಯುಪಿಐ ಪಿನ್. ಇದು ಹಣ ಕಳಿಸಲು, ಬಾಕಿ ನೋಡಲು ಬೇಕು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ನಾವು ಯಾವ ಕೋಡನ್ನೂ ಸ್ಕ್ಯಾನ್ ಮಾಡಬೇಕಾಗಿಲ್ಲ. ಕುರಿ ಕೊಳ್ಳುತ್ತೇನೆಂದು ಫೋನ್ ಮಾಡಿ 'ಮುಂಗಡ ಕಳಿಸಿದ್ದೀನಿ, ಪಿನ್ ಒತ್ತಿ ತಗೊಳ್ಳಿ' ಎಂದವನು ಕೊಳ್ಳುವವನಲ್ಲ. ಒಬ್ಬರು ಇನ್ನೊಬ್ಬರಿಗೆ 'ಹಣ ಕೊಡಿ' ಎಂದು ಯುಪಿಐನಲ್ಲಿ ಕೋರಿಕೆ ಕಳಿಸುವ ಸೌಲಭ್ಯವನ್ನು ಇಂಥ ಮೋಸದ ಕಾರಣಕ್ಕೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಆದರೆ ಕೋಡ್ ಕಳಿಸಿ ಸ್ಕ್ಯಾನ್ ಮಾಡಿಸುವ ಆಟ ನಿಂತಿಲ್ಲ.

ಎರಡನೇ ಕಂಡಿ: ಫೋನಿನೊಳಗೆ ಕೂತ ಕಳ್ಳ

ಇದು ನಮ್ಮ ಪಕ್ಕದ ಹೊಲದ ಹಿರಿಯರೊಬ್ಬರಿಗೆ ಆದದ್ದು. ಊರಿನ ವಾಟ್ಸಾಪ್ ಗುಂಪಿಗೆ 'ಪಿಎಂ ಕಿಸಾನ್ ಕಂತು' ಎಂಬ ಹೆಸರಿನ ಒಂದು ಫೈಲು ಬಂತು. ಕೊನೆಯಲ್ಲಿ 'ಎಪಿಕೆ' ಎಂಬ ಮೂರು ಇಂಗ್ಲಿಷ್ ಅಕ್ಷರ. ಕಳಿಸಿದ್ದು ಗುರುತಿನ ಮನುಷ್ಯನ ನಂಬರಿನಿಂದಲೇ. ಒತ್ತಿದರು. ಫೋನು ಒಂದು ಸಲ ಎಚ್ಚರಿಸಿತು, 'ಪರವಾಗಿಲ್ಲ' ಎಂದು ಒತ್ತಿದರು. ಮೆಸೇಜು ಓದಲು ಅನುಮತಿ ಕೇಳಿತು, ಕೊಟ್ಟರು. ಕಿಸಾನ್ ಸಮ್ಮಾನ್‌ದೇ ಎನ್ನುವಂಥ ಚಿತ್ರ ಬಂತು, ಅದರಲ್ಲಿ ಖಾತೆ ಮತ್ತು ಕಾರ್ಡಿನ ವಿವರ ತುಂಬಿದರು. 'ನಾಳೆ ನೋಡಿ' ಅಂತ ಬಂತು. ಮಲಗಿದರು.

ಬೆಳಿಗ್ಗೆ ಎದ್ದಾಗ ಮೂರು ಸಲವಾಗಿ 62,000 ರೂಪಾಯಿ ಹೋಗಿತ್ತು. ಶೇಂಗಾ ಮಾರಿದ ದುಡ್ಡು. ಬಿತ್ತನೆ ಬೀಜಕ್ಕೂ ಮಗಳ ಬಾಣಂತನಕ್ಕೂ ಎತ್ತಿಟ್ಟದ್ದು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಅವರನ್ನು ಯಾರೂ ಒಟಿಪಿ ಕೇಳಲಿಲ್ಲ, ಅವರು ಯಾರಿಗೂ ಹೇಳಲಿಲ್ಲ. ಒಟಿಪಿ ಅವರ ಫೋನಿಗೇ ಬಂದಿತ್ತು. ಫೋನಿನೊಳಗೆ ಕೂತ ಆಪ್ ಅದನ್ನು ಓದಿ ಕಳ್ಳನಿಗೆ ಕಳಿಸಿತ್ತು. ಸಾಲದ್ದಕ್ಕೆ ಅವರ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಅದೇ ಫೈಲನ್ನು ಅವರ ಹೆಸರಲ್ಲೇ ಕಳಿಸಿತ್ತು. ಎರಡು ಕೀಲಿಯನ್ನೂ ಒಂದೇ ಗೂಡಿನಲ್ಲಿ ಇಟ್ಟರೆ ಹೇಗೋ ಹಾಗೆ. ಗೂಡೇ ಕಳ್ಳನ ಕೈಗೆ ಸಿಕ್ಕರೆ ಬೀಗ ಎರಡಿದ್ದರೂ ಒಂದೇ, ನಾಲ್ಕಿದ್ದರೂ ಒಂದೇ.

ಬ್ಯಾಂಕಿಗೆ ಹೋದೆವು. 'ಒಟಿಪಿ ಸರಿಯಾಗಿ ಬಿದ್ದೈತೆ ಯಜಮಾನ್ರೆ, ಅಂದ್ಮೇಲೆ ನೀವೇ ಕೊಟ್ಟಿದ್ದೀರಿ' ಎಂದರು ಅಲ್ಲಿಯ ನೌಕರರು. ಹಿರಿಯರು 'ದೇವರಾಣೆಗೂ ಕೊಟ್ಟಿಲ್ಲ ಸ್ವಾಮಿ' ಎಂದು ಅದನ್ನೇ ಹೇಳುತ್ತಿದ್ದರು. ಇಬ್ಬರ ಮಾತೂ ಅವರವರ ಮಟ್ಟಿಗೆ ಸರಿಯೇ. ನಮ್ಮನ್ನು ಕಾಯಲೆಂದು ಬಂದ ಬೀಗ ಇಲ್ಲಿ ನಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಸಣ್ಣ ರೈತನಿಗೆ ಹಣ ಹೋದ ನೋವಿನ ಮೇಲೆ ಸುಳ್ಳುಗಾರ ಎಂಬ ಹೆಸರೂ ಬರುತ್ತದೆ. ಇದಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಏನು ಹೇಳುತ್ತದೆ ಎಂದು ಮುಂದೆ ಬರೆದಿದ್ದೇನೆ.

ಇದನ್ನು ತಡೆಯುವುದು ಕಷ್ಟವಲ್ಲ. ವಾಟ್ಸಾಪಿನಲ್ಲಿ ಬಂದ ಎಪಿಕೆ ಫೈಲನ್ನು ಯಾರು ಕಳಿಸಿದರೂ ಒತ್ತಬಾರದು. ಕಿಸಾನ್ ಕಂತು, ಗಾಡಿಯ ದಂಡದ ಚಲನ್, ಬ್ಯಾಂಕಿನ ಬಹುಮಾನ, ಮದುವೆ ಕರೆಯೋಲೆ, ಹೆಸರು ಏನೇ ಇರಲಿ. ಮದುವೆಯ ಪತ್ರಿಕೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಆಪ್ ಆಗಿ ಬರುವುದಿಲ್ಲ. ಆಪ್ ಬೇಕಾದರೆ ಪ್ಲೇಸ್ಟೋರಿನಿಂದಲೇ ಹಾಕಿಕೊಳ್ಳಬೇಕು.

ಆಗಲೇ ಒತ್ತಿಬಿಟ್ಟಿದ್ದರೆ ಮೊದಲು ಫೋನಿನ ನೆಟ್ಟು ಬಂದ್ ಮಾಡಿ ಸಿಮ್ ಹೊರಗೆ ತೆಗೆಯಬೇಕು. ಬೇರೆಯವರ ಫೋನಿನಿಂದ ಬ್ಯಾಂಕಿಗೆ ಫೋನ್ ಮಾಡಿ ಖಾತೆಯಿಂದ ಹಣ ಹೋಗದಂತೆ ತಡೆಸಬೇಕು. ಆಮೇಲೆ ಆ ಆಪ್ ಅಳಿಸಬೇಕು. ಅಳಿಯದಿದ್ದರೆ ಫೋನನ್ನು ಪೂರಾ ಖಾಲಿ ಮಾಡಿಸಿ ಹೊಸದಾಗಿ ಶುರು ಮಾಡಬೇಕು. ಪಿನ್, ಪಾಸ್‌ವರ್ಡ್ ಬದಲಾಯಿಸುವುದು ಫೋನು ಶುದ್ಧವಾದ ಮೇಲೆ. ಅದಕ್ಕೆ ಮೊದಲೇ ಅದೇ ಫೋನಿನಲ್ಲಿ ಬದಲಾಯಿಸಿದರೆ ಹೊಸದೂ ಕಳ್ಳನಿಗೆ ಹೋಗುತ್ತದೆ.

ಪರದೆ ಹಂಚುವ ಆಪ್‌ಗಳೂ ಇದೇ ಜಾತಿಯವು. 'ನಾನು ಇಲ್ಲಿಂದಲೇ ಸರಿ ಮಾಡಿಕೊಡ್ತೀನಿ' ಎಂದು ಹಾಕಿಸುತ್ತಾರೆ. ಹಾಕಿದರೆ ನಮ್ಮ ಪರದೆಯಲ್ಲಿ ಕಾಣುವುದೆಲ್ಲ ಅವನಿಗೂ ಕಾಣುತ್ತದೆ, ಬಂದ ಒಟಿಪಿಯೂ ಸೇರಿ. ಆ ಆಪ್‌ಗಳು ತಾವಾಗಿ ಕೆಟ್ಟವಲ್ಲ, ಕಂಪ್ಯೂಟರ್ ರಿಪೇರಿಯವರು ಬಳಸುತ್ತಾರೆ. ಆದ್ದರಿಂದ ಪ್ಲೇಸ್ಟೋರಿನಲ್ಲೂ ಸಿಗುತ್ತವೆ. ಹಾಕಿಸುವವನು ಯಾರು ಎಂಬುದೇ ಮುಖ್ಯ.

ಮೂರನೇ ಕಂಡಿ: ಸಿಮ್

ಒಟಿಪಿ ಬರುವುದು ನಮಗಲ್ಲ, ಸಿಮ್ಮಿಗೆ. ಸಿಮ್ ಯಾರ ಕೈಯಲ್ಲಿದೆಯೋ ಅವರೇ ಯಜಮಾನರು. ಇದರಲ್ಲಿ ನಾಲ್ಕು ಅಪಾಯ.

ಒಂದು, ನಮ್ಮ ಹೆಸರಲ್ಲಿ ನಕಲಿ ದಾಖಲೆ ಕೊಟ್ಟು ಅದೇ ನಂಬರಿನ ಹೊಸ ಸಿಮ್ ತೆಗೆಸುವುದು. ಹೊಸದು ಶುರುವಾದ ಕೂಡಲೇ ನಮ್ಮ ಸಿಮ್ ಸತ್ತುಹೋಗುತ್ತದೆ. ಪೇಟೆಯವರಿಗೆ ನೆಟ್‌ವರ್ಕ್ ಹೋದರೆ ಬೇಗ ಗೊತ್ತಾಗುತ್ತದೆ. ನಮ್ಮ ಹೊಲದಲ್ಲಿ ದಿನಕ್ಕೆ ಹತ್ತು ಸಲ ಹೋಗಿ ಬರುವುದರಿಂದ ಗಮನಕ್ಕೇ ಬರುವುದಿಲ್ಲ. ಅದೇ ಕಂಪನಿಯ ಸಿಮ್ ಇರುವ ಪಕ್ಕದವರ ಫೋನಿಗೆ ನೆಟ್‌ವರ್ಕ್ ಇದ್ದು ನಮ್ಮದಕ್ಕೆ ಮಾತ್ರ ಒಂದೆರಡು ಗಂಟೆ ಇಲ್ಲದಿದ್ದರೆ ಅಂಗಡಿಗೆ ಹೋಗಿ ವಿಚಾರಿಸಬೇಕು.

ಎರಡು, ಸಂತೆಯಲ್ಲೋ ಬಸ್ಸಿನಲ್ಲೋ ಫೋನು ಕಳುವಾಗುವುದು. ಫೋನಿಗೆ ಲಾಕ್ ಇದ್ದರೂ ಕಳ್ಳ ಸಿಮ್ ಕಿತ್ತು ತನ್ನ ಫೋನಿಗೆ ಹಾಕಿಕೊಂಡರೆ ಒಟಿಪಿ ಅವನಿಗೆ. ಇದನ್ನು ತಡೆಯಲು ಸಿಮ್ಮಿಗೇ ಒಂದು ಪಿನ್ ಹಾಕಬಹುದು. ಫೋನಿನ ಸೆಟ್ಟಿಂಗಿನಲ್ಲಿ 'ಸಿಮ್ ಲಾಕ್' ಎಂದಿರುತ್ತದೆ. ಹಾಕುವ ಮೊದಲು ಕಂಪನಿ ಇಟ್ಟ ಮೊದಲಿನ ಪಿನ್ ಯಾವುದು ಎಂದು ಅಂಗಡಿಯಲ್ಲಿ ಕೇಳಿಕೊಳ್ಳಿ. ಮೂರು ಸಲ ತಪ್ಪು ಒತ್ತಿದರೆ ಸಿಮ್ ಕಟ್ಟಿಕೊಳ್ಳುತ್ತದೆ, ಬಿಡಿಸಲು ಕಂಪನಿಯಿಂದ ಪಿಯುಕೆ ಎಂಬ ನಂಬರ್ ಪಡೆಯಬೇಕಾಗುತ್ತದೆ. ಒಮ್ಮೆ ಹಾಕಿದರೆ ಫೋನು ಆಫ್ ಮಾಡಿ ಆನ್ ಮಾಡಿದಾಗಲೆಲ್ಲ ಪಿನ್ ಕೇಳುತ್ತದೆ. ಅಷ್ಟು ಉಪದ್ರವ ಸಹಿಸಬಹುದು.

ಮೂರು, ಕರೆ ತಿರುಗಿಸುವುದು. 'ನಿಮಗೆ ಪಾರ್ಸೆಲ್ ಐತೆ, ಈ ನಂಬರ್ ಒತ್ತಿ' ಎಂದು ನಕ್ಷತ್ರ ಗುರುತಿನಿಂದ ಶುರುವಾಗುವ ನಂಬರ್ ಕೊಡುತ್ತಾರೆ. ಒತ್ತಿದರೆ ನಮಗೆ ಬರುವ ಕರೆ ಅವನಿಗೆ ಹೋಗುತ್ತದೆ. ಎಸ್ಸೆಮ್ಮೆಸ್ ಹೋಗುವುದಿಲ್ಲ, ಆದರೆ ಕೆಲವು ಕಡೆ ಒಟಿಪಿಯನ್ನು ಕರೆ ಮಾಡಿಯೂ ಹೇಳುತ್ತಾರೆ, ಅದು ಹೋಗುತ್ತದೆ. ಅನುಮಾನ ಬಂದರೆ ##002# ಒತ್ತಿ ಕರೆ ಮಾಡಿದರೆ ತಿರುಗಿಸಿದ್ದೆಲ್ಲ ರದ್ದಾಗುತ್ತದೆ.

ನಾಲ್ಕನೆಯದು ನಮ್ಮಂಥವರಲ್ಲಿ ಹೆಚ್ಚು. ರೀಚಾರ್ಜ್ ದುಬಾರಿಯಾಯಿತೆಂದು ಹಳೆ ನಂಬರ್ ಬಿಟ್ಟು ಹೊಸದು ತೆಗೆದುಕೊಳ್ಳುತ್ತೇವೆ. ಬ್ಯಾಂಕಿನಲ್ಲಿ, ಆಧಾರಿನಲ್ಲಿ ಹಳೆಯದೇ ಇರುತ್ತದೆ. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿ ಬೇರೆಯವರಿಗೆ ಕೊಡಬಹುದು. ಆಗ ನಮ್ಮ ಖಾತೆಯ ಒಟಿಪಿ ಯಾವುದೋ ಊರಿನ ಅಪರಿಚಿತನಿಗೆ ಹೋಗುತ್ತದೆ. ಅವನು ಒಳ್ಳೆಯವನಾಗಿದ್ದರೆ ನಮ್ಮ ಪುಣ್ಯ. ಆದ್ದರಿಂದ ನಂಬರ್ ಬಿಡುವ ಮೊದಲೇ ಬ್ಯಾಂಕು, ಆಧಾರ್, ವಾಟ್ಸಾಪ್, ರೈತ ಸಂಪರ್ಕ ಕೇಂದ್ರದಲ್ಲಿ ಕೊಟ್ಟಿರುವ ನಂಬರ್, ಎಲ್ಲ ಬದಲಾಯಿಸಿ.

ನಾಲ್ಕನೇ ಕಂಡಿ: ಒಂದೇ ಬೀಗದ ಬಾಗಿಲು

ಹಳ್ಳಿಗೆ ಬರುವ ಬ್ಯಾಂಕ್ ಮಿತ್ರರ ಸಣ್ಣ ಯಂತ್ರದಲ್ಲಿ ಆಧಾರ್ ನಂಬರ್ ಹೇಳಿ ಹೆಬ್ಬೆಟ್ಟು ಒತ್ತಿದರೆ ಹಣ ಸಿಗುತ್ತದೆ. ಒಟಿಪಿ ಇಲ್ಲ, ಪಿನ್ ಇಲ್ಲ. ಓದು ಬಾರದ ನಮ್ಮ ತಾಯಂದಿರಿಗೆ ಇದರಿಂದ ದೊಡ್ಡ ಉಪಕಾರವಾಗಿದೆ. ಆದರೆ ಬೀಗ ಒಂದೇ. ಹೆಬ್ಬೆಟ್ಟಿನ ಗುರುತು ನಕಲಾದರೆ ಅದನ್ನು ಪಿನ್ ಬದಲಾಯಿಸಿದಂತೆ ಬದಲಾಯಿಸಲು ಬರುವುದಿಲ್ಲ.

2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಹೀಗೆ ಹಣ ಹೋದ ದೂರುಗಳು ದಾಖಲಾದವು. ಅವರಲ್ಲಿ ಅನೇಕರು ಆಸ್ತಿ ನೋಂದಣಿ ಮಾಡಿಸಿ ಬಂದವರು. ಪತ್ರದ ಮೇಲಿನ ಆಧಾರ್ ನಂಬರ್ ಮತ್ತು ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿದ ಸಂಶಯ ಬಂತು. ಆಮೇಲೆ ಜೀವಂತ ಬೆರಳೋ ನಕಲಿಯೋ ಎಂದು ಪರೀಕ್ಷಿಸುವ ವ್ಯವಸ್ಥೆಯನ್ನು ಬಿಗಿ ಮಾಡಿದ್ದಾರೆ. ಆದರೂ ನಮ್ಮ ಕಡೆಯಿಂದ ಮಾಡುವುದು ಇದೆ.

ಆಧಾರಿನ ಆಪ್‌ನಲ್ಲಿ ಅಥವಾ ವೆಬ್‌ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು. ಆಧಾರಿಗೆ ಮೊಬೈಲ್ ನಂಬರ್ ಜೋಡಿಸಿರಬೇಕು. ಲಾಕ್ ಮಾಡಿದರೆ ಹೆಬ್ಬೆಟ್ಟಿನಿಂದ ಯಾರೂ ಹಣ ತೆಗೆಯಲಾರರು. ತೊಂದರೆಯೂ ಉಂಟು: ನ್ಯಾಯಬೆಲೆ ಅಂಗಡಿಯಲ್ಲಿ ನಮ್ಮ ಹೆಬ್ಬೆಟ್ಟೂ ನಡೆಯುವುದಿಲ್ಲ. ರೇಷನ್ ತರುವ ದಿನ ಸ್ವಲ್ಪ ಹೊತ್ತು ತೆಗೆದು ಮತ್ತೆ ಹಾಕಬೇಕು. ನಮ್ಮ ಮನೆಯಲ್ಲಿ ನನ್ನದನ್ನು ಲಾಕ್ ಮಾಡಿದ್ದೇನೆ. ರೇಷನ್ನಿಗೆ ಹೋಗುವ ನನ್ನ ಮನೆಯವರದನ್ನು ಹಾಗೇ ಬಿಟ್ಟಿದ್ದೇವೆ, ಅವರ ಖಾತೆಯಲ್ಲಿ ಹೆಚ್ಚು ಹಣ ಇಡುವುದಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡು 'ತಗೊಳ್ಳಲಿಲ್ಲ, ಇನ್ನೊಂದ್ಸಲ ಒತ್ತಿ' ಎಂದರೆ ಮೊದಲು ರಸೀದಿ ಅಥವಾ ಮೆಸೇಜು ನೋಡಬೇಕು.

ವಾಟ್ಸಾಪ್, ಜಿಮೇಲ್ ಕೂಡ

ಇವುಗಳಲ್ಲಿ ಹಣ ಇಲ್ಲವಲ್ಲ ಎನ್ನಬೇಡಿ. ವಾಟ್ಸಾಪ್ ಕಳ್ಳನ ಕೈಗೆ ಹೋದರೆ ನಮ್ಮ ಹೆಸರಲ್ಲಿ ನೆಂಟರಿಷ್ಟರಿಗೆಲ್ಲ 'ಆಸ್ಪತ್ರೆಯಲ್ಲಿದ್ದೀನಿ, ಹತ್ತು ಸಾವಿರ ಹಾಕಿ' ಎಂದು ಹೋಗುತ್ತದೆ. ವಾಟ್ಸಾಪಿನ ಸೆಟ್ಟಿಂಗಿನಲ್ಲಿ 'ಅಕೌಂಟ್', ಅದರೊಳಗೆ 'ಟು ಸ್ಟೆಪ್ ವೆರಿಫಿಕೇಶನ್' ಇದೆ. ಅಲ್ಲಿ ಆರು ಅಂಕಿಯ ಪಿನ್ ಹಾಕಿಕೊಂಡರೆ ಎಸ್ಸೆಮ್ಮೆಸ್ ಕೋಡ್ ಒಂದೇ ಸಿಕ್ಕವನಿಗೆ ಬಾಗಿಲು ತೆರೆಯುವುದಿಲ್ಲ. 'ಲಿಂಕ್ಡ್ ಡಿವೈಸ್' ಎಂಬಲ್ಲಿ ನಮಗೆ ಗೊತ್ತಿಲ್ಲದ ಯಂತ್ರ ಇದ್ದರೆ ತೆಗೆದುಹಾಕಿ.

ಜಿಮೇಲಿಗೂ ಎರಡನೇ ಬೀಗ ಇದೆ. ಬೇರೆ ಖಾತೆಗಳ ಪಾಸ್‌ವರ್ಡ್ ಮರೆತರೆ ಹೊಸದು ಬರುವುದು ಜಿಮೇಲಿಗೇ. ಮಕ್ಕಳ ಕೈಯಲ್ಲಿ ಇದನ್ನು ಮಾಡಿಸಿ, ಆಪತ್ತಿಗೆಂದು ಅದು ಕೊಡುವ ನಂಬರುಗಳನ್ನು ಕಾಗದದಲ್ಲಿ ಬರೆದು ಪಹಣಿ, ಪಾಸ್‌ಬುಕ್ಕಿನ ಜೊತೆ ಇಡಿ. ಫೋನಿನಲ್ಲೇ ಇಟ್ಟರೆ ಫೋನು ಹೋದ ದಿನ ಅದೂ ಹೋಗುತ್ತದೆ.

ಒಂದು ಮಾತು. ಮೋಸದ ಲಿಂಕಿನಲ್ಲಿ ಬ್ಯಾಂಕಿನದೇ ಎಂಬಂಥ ಪುಟ ತೆರೆದು ಅಲ್ಲಿ ಪಾಸ್‌ವರ್ಡ್, ಒಟಿಪಿ ಎರಡನ್ನೂ ನಾವೇ ಬರೆದರೆ ಯಾವ ಬೀಗವೂ ಉಳಿಯುವುದಿಲ್ಲ. ಕಳ್ಳ ಅದನ್ನು ಆ ಕ್ಷಣವೇ ನಿಜವಾದ ಪುಟದಲ್ಲಿ ತುಂಬುತ್ತಾನೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2025ರ ಅಕ್ಟೋಬರ್ ಕೊನೆಯೊಳಗೆ ಬ್ಯಾಂಕುಗಳು ತಮ್ಮ ವಿಳಾಸವನ್ನು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವಂತೆ ಬದಲಾಯಿಸಬೇಕಿತ್ತು. ಅದನ್ನು ನೋಡುವುದು ಒಂದು ಗುರುತು. ಅದಕ್ಕಿಂತ ಒಳ್ಳೆಯದು, ಮೆಸೇಜಿನ ಲಿಂಕಿನಿಂದ ಬ್ಯಾಂಕಿಗೆ ಹೋಗದೇ ಇರುವುದು.

ನಾವು ಮಾಡಿಕೊಂಡ ಏರ್ಪಾಡು

ನಮ್ಮಲ್ಲಿ ಮೊದಲಿಂದಲೂ ಬೀಜದ ಕಾಳನ್ನು ತಿನ್ನುವ ಕಾಳಿನ ಜೊತೆ ಇಡುವುದಿಲ್ಲ. ದುಡ್ಡಿಗೂ ಅದನ್ನೇ ಮಾಡಿದೆ.

ಎರಡು ಖಾತೆ ಇಟ್ಟುಕೊಂಡೆ. ಒಂದು ಸಂತೆಯ ಖಾತೆ. ಅದು ದೊಡ್ಡ ಫೋನಿನಲ್ಲಿದೆ, ಯುಪಿಐ ಇದೆ, ನಾಲ್ಕೈದು ಸಾವಿರಕ್ಕಿಂತ ಹೆಚ್ಚು ಇಡುವುದಿಲ್ಲ. ಇನ್ನೊಂದು ಗಂಟಿನ ಖಾತೆ. ಬೆಳೆ ಮಾರಿದ್ದು, ವಿಮೆ ಬಂದದ್ದು ಅದಕ್ಕೆ. ಅದಕ್ಕೆ ಯುಪಿಐ, ನೆಟ್ ಬ್ಯಾಂಕಿಂಗ್ ಮಾಡಿಸಿಲ್ಲ. ಅದರ ನಂಬರಿನ ಸಿಮ್ಮನ್ನು ಹಳೆಯ ಗುಂಡಿ ಫೋನಿಗೆ ಹಾಕಿ ಮನೆಯಲ್ಲೇ ಇಟ್ಟಿದ್ದೇನೆ. ಆ ಫೋನಿಗೆ ವಾಟ್ಸಾಪೂ ಇಲ್ಲ, ಎಪಿಕೆಯೂ ಇಲ್ಲ. ಒಟಿಪಿ ಬಂದರೆ ಬರೀ ಅಲ್ಲಿಗೆ. ಹಣ ಬೇಕಾದಾಗ ಬ್ಯಾಂಕಿಗೆ ಹೋಗಿ ಚೀಟಿ ಬರೆಯುತ್ತೇನೆ.

ಇದರಲ್ಲಿ ಅನಾನುಕೂಲವೂ ಇದೆ. ಇನ್ನೊಂದು ಸಿಮ್ಮಿನ ರೀಚಾರ್ಜ್ ಖರ್ಚು ಬೀಳುತ್ತದೆ. ಅವಸರಕ್ಕೆ ರಾತ್ರಿ ಹಣ ಕಳಿಸಲಾಗದು. ಬ್ಯಾಂಕಿಗೆ ಹೋದರೆ ಅರ್ಧ ದಿನ. ಒಂದೇ ಖಾತೆ ಇರುವವರು ಬ್ಯಾಂಕಿನಲ್ಲಿ ಕೇಳಿ ದಿನಕ್ಕೆ ಹೋಗಬಹುದಾದ ಹಣದ ಮಿತಿಯನ್ನು ಇಳಿಸಬಹುದು, ಉಳಿದದ್ದನ್ನು ಠೇವಣಿ ಮಾಡಬಹುದು. ಆದರೆ ಆ ಠೇವಣಿ ಫೋನಿನಿಂದಲೇ ಮುರಿಯುವಂತಿರಬಾರದು. ಎಟಿಎಂ ಕಾರ್ಡಿನಲ್ಲಿ ವಿದೇಶದ ವ್ಯವಹಾರ ಬಂದ್ ಇದೆಯೇ ಎಂದೂ ನೋಡಿಸಿ. ಕೆಲವು ವಿದೇಶಿ ವ್ಯಾಪಾರಿಗಳಲ್ಲಿ ಒಟಿಪಿ ಇಲ್ಲದೆಯೂ ಕಾರ್ಡಿನಿಂದ ಹಣ ಹೋಗುತ್ತದೆ.

ಹಣ ಹೋದರೆ ಏನು ಮಾಡಬೇಕು?

1. ತಕ್ಷಣ 1930ಕ್ಕೆ ಫೋನ್ ಮಾಡಿ. ಹಣ ಕಳ್ಳನ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತಿರುತ್ತದೆ. ಅದು ನಗದಾಗುವ ಮೊದಲು ದೂರು ಹೋದರೆ ದಾರಿಯಲ್ಲಿ ತಡೆಹಿಡಿಯುತ್ತಾರೆ. ಖಾತೆ ನಂಬರ್, ಹೋದ ಮೊತ್ತ, ಸಮಯ, ಮೆಸೇಜಿನಲ್ಲಿರುವ ವ್ಯವಹಾರದ ನಂಬರ್ ಕೈಯಲ್ಲಿರಲಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ವೆಬ್‌ಸೈಟಿನಲ್ಲೂ ದೂರು ಬರೆಯಬಹುದು.

2. ಬ್ಯಾಂಕಿಗೆ ಫೋನ್ ಮಾಡಿ ಖಾತೆ, ಕಾರ್ಡು ತಡೆಸಿ. ಆಮೇಲೆ ಶಾಖೆಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಟ್ಟು, ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಬಾಯಿಮಾತಿನ ದೂರಿಗೆ ಬೆಲೆ ಇಲ್ಲ.

3. ಜಿಲ್ಲಾ ಕೇಂದ್ರದ ಸೆನ್ ಪೊಲೀಸ್ ಠಾಣೆ ಇಂಥ ಅಪರಾಧಗಳಿಗೆಂದೇ ಇದೆ. ದೂರ ಎನಿಸಿದರೆ ಹತ್ತಿರದ ಠಾಣೆಯಲ್ಲೂ ಕೇಳಿ.

4. ಫೋನಿನಲ್ಲಿರುವ ಮೆಸೇಜು, ಕರೆಯ ಪಟ್ಟಿ ಅಳಿಸಬೇಡಿ. ಫೋನು ಖಾಲಿ ಮಾಡಿಸಬೇಕಾಗಿದ್ದರೆ ಮೊದಲು ಬೇರೆ ಫೋನಿನಿಂದ ಅವುಗಳ ಫೋಟೋ ತೆಗೆದಿಡಿ.

ಈಗ ನಿಯಮದ ಮಾತು. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಹೀಗೆ ಹೇಳಿತು: ತಪ್ಪು ಬ್ಯಾಂಕಿನದಾದರೆ ಗ್ರಾಹಕನಿಗೆ ಯಾವ ಹೊಣೆಯೂ ಇಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ನಡುವೆ ಬೇರೆಲ್ಲೋ ಆಗಿದೆ ಎಂದರೆ, ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನದೊಳಗೆ ತಿಳಿಸಿದವರಿಗೆ ಪೂರಾ ಹಣ ಸಿಗಬೇಕು. 4ರಿಂದ 7 ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ತಗಲುವ ನಷ್ಟಕ್ಕೆ ಮಿತಿ ಇದೆ: ಶೂನ್ಯ ಬಾಕಿಯ ಮೂಲ ಖಾತೆಗೆ 5,000, ಮಾಮೂಲಿ ಉಳಿತಾಯ ಖಾತೆಗೆ 10,000 ರೂಪಾಯಿ. ಗ್ರಾಹಕನ ಅಜಾಗ್ರತೆಯಿಂದಲೇ ಆಗಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ನಂತರದ್ದು ಬ್ಯಾಂಕಿನದು.

ಅದೇ ಸುತ್ತೋಲೆಯಲ್ಲಿ ನಮಗೆ ಬೇಕಾದ ಇನ್ನೊಂದು ಮಾತಿದೆ. ಗ್ರಾಹಕನದೇ ಹೊಣೆ ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ. 'ಒಟಿಪಿ ಬಿದ್ದಿದೆ' ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಸುಮ್ಮನೆ ಬರಬೇಡಿ. 'ಈ ಮಾತನ್ನು ಬರೆದು ಕೊಡಿ' ಎಂದು ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ. ಮಾಹಿತಿಗೆ 14448.

ನಮ್ಮ ಪಕ್ಕದ ಹೊಲದ ಹಿರಿಯರು 1930ಕ್ಕೆ ಫೋನ್ ಮಾಡುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. 62,000ದಲ್ಲಿ 18,000 ಒಂದು ಖಾತೆಯಲ್ಲಿ ಸಿಕ್ಕಿಬಿದ್ದಿತ್ತು. ಕೋರ್ಟಿನ ಆದೇಶವಾಗಿ ಅದು ಕೈಸೇರಲು ಏಳು ತಿಂಗಳಾಯಿತು. ಉಳಿದದ್ದು ಬರಲಿಲ್ಲ. ಆ ವರ್ಷ ಬೀಜಕ್ಕೆ ಸಾಲ ಮಾಡಿದರು. ದೂರು ಕೊಟ್ಟ ಕೆಲವೇ ದಿನಕ್ಕೆ 'ನಿಮ್ಮ ಹಣ ವಾಪಸ್ ಕೊಡಿಸ್ತೀವಿ, ಮೊದಲು 2,000 ಕಟ್ಟಿ' ಎಂದು ಇನ್ನೊಬ್ಬ ಫೋನ್ ಮಾಡಿದ. ಇದೂ ಮೋಸವೇ. ಪೊಲೀಸರಾಗಲಿ ಬ್ಯಾಂಕಾಗಲಿ ಹಣ ವಾಪಸ್ ಕೊಡಲು ಹಣ ಕೇಳುವುದಿಲ್ಲ.

ಕೊನೆಗೆ ಎರಡು ಮಾತು. ಮೋಸ ಹೋದವರನ್ನು ಊರಲ್ಲಿ ದಡ್ಡರೆಂದು ಆಡಿಕೊಳ್ಳುವುದನ್ನು ನಾವು ಬಿಡಬೇಕು. ಪಕ್ಕದೂರಿನವರೊಬ್ಬರು ನಾಚಿಕೆಯಿಂದ ಹತ್ತು ದಿನ ಯಾರಿಗೂ ಹೇಳಲಿಲ್ಲ. ಹೇಳುವಷ್ಟರಲ್ಲಿ 3 ದಿನವೂ ಕಳೆದಿತ್ತು, 7 ದಿನವೂ ಕಳೆದಿತ್ತು. ಅದೇ ಫೈಲು ಆ ಹತ್ತು ದಿನದಲ್ಲಿ ಇನ್ನೆಷ್ಟು ಜನರ ಫೋನಿಗೆ ಹೋಯಿತೋ!

ಇನ್ನೊಂದು, ನಮ್ಮ ಖಾತೆಯನ್ನು ಕಮಿಷನ್ ಆಸೆಗೆ ಬೇರೆಯವರಿಗೆ ಬಳಸಲು ಕೊಡಬಾರದು. ಕದ್ದ ಹಣ ನಮ್ಮ ಖಾತೆಯ ಮೂಲಕ ಹೋದರೆ ಪೊಲೀಸರು ಮೊದಲು ಬರುವುದು ನಮ್ಮ ಮನೆಗೇ.

ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ 1930, ಬ್ಯಾಂಕಿನ ನಂಬರು, ಸಿಮ್ ಕಂಪನಿಯ ನಂಬರು ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದಿದ್ದೇವೆ. ಫೋನಿನಲ್ಲಿ ಮಾತ್ರ ಇದ್ದರೆ ಫೋನು ಕಳೆದ ದಿನ ಉಪಯೋಗಕ್ಕೆ ಬಾರದು. ಬೇರೆ ಊರಿನ ರೈತರು ಇನ್ನೂ ಸುಲಭದ ಏರ್ಪಾಡು ಮಾಡಿಕೊಂಡಿದ್ದರೆ ಪತ್ರಿಕೆಗೆ ಬರೆದು ತಿಳಿಸಿದರೆ ಎಲ್ಲರಿಗೂ ಉಪಕಾರ.